ಮಳಖೇಡ ಕಾಲದ ಸಂಖ್ಯೆಯ ಹಾರ

ಮೊಬೈಲ್‌ನಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ. 27994681 ಒತ್ತಿ, 441ರಿಂದ ಗುಣಿಸಿ. ಬರೋದು 12345654321. ಒಂದರಿಂದ ಆರರ ತನಕ ಹತ್ತಿ, ಮತ್ತೆ ಒಂದಕ್ಕೆ ಇಳಿಯುತ್ತೆ. ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ.

ಈ ಲೆಕ್ಕ ಸುಮಾರು ಕ್ರಿ.ಶ. 850ರದ್ದು. ಇದು ಇರೋದು ಜೈನ ಗಣಿತಜ್ಞ ಮಹಾವೀರಾಚಾರ್ಯರ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ. ಪುಸ್ತಕದ ಶುರುವಿನಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷನನ್ನು ಹೊಗಳಿದ್ದಾರೆ. ಹೌದು, ‘ಕವಿರಾಜಮಾರ್ಗ’ದ ನೃಪತುಂಗನೇ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ.

ಗುಣಾಕಾರ ಕಲಿಸುವ ಭಾಗದಲ್ಲಿ ಇಂಥ ಲೆಕ್ಕಗಳು ಇನ್ನೂ ಇವೆ. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂಥ ಉತ್ತರಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸುತ್ತಾರೆ.

ನಮ್ಮ ಸಂಖ್ಯೆಯನ್ನು ಸ್ವಲ್ಪ ಬಿಚ್ಚಿ ನೋಡೋಣ. 12345654321 ಅಂದರೆ 111111ರ ವರ್ಗ. 111111ನ್ನು ಒಡೆದರೆ 3, 7, 11, 13, 37 ಸಿಗುತ್ತವೆ. 3 ಮತ್ತು 7 ಸೇರಿ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗವೇ 27994681. ಅಂದರೆ ಇದು ಅದೃಷ್ಟದಿಂದ ಸಿಕ್ಕ ಲೆಕ್ಕ ಅಲ್ಲ. ಮೊದಲು ಉತ್ತರ ಇಟ್ಟುಕೊಂಡು, ಆಮೇಲೆ ಪ್ರಶ್ನೆ ಕಟ್ಟಿರಬೇಕು ಅಂತ ನನಗನ್ನಿಸುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಟೆಸ್ಟ್ ಕೇಸ್. ಶಿಷ್ಯ ಎಲ್ಲೋ ದಶಕ ಮರೆತರೆ ಹಾರದ ಒಂದು ಮಣಿ ಸರಿದುಹೋಗುತ್ತೆ. ಮೇಷ್ಟ್ರು ದೂರದಿಂದಲೇ ತಪ್ಪು ಹಿಡೀಬಹುದು. ಅಂದಹಾಗೆ, ಈ ಸಂಖ್ಯೆ 32 ಬಿಟ್ ಇಂಟಿಜರ್‌ನಲ್ಲಿ ಹಿಡಿಸಲ್ಲ. ಆಚಾರ್ಯರ ಪುಸ್ತಕದಲ್ಲಾದರೋ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ.

ಹಾರಕ್ಕೂ ಮಿತಿ ಇದೆ. ಒಂಬತ್ತು ಒಂದುಗಳ ವರ್ಗದವರೆಗೆ ಸರಿ. ಹತ್ತು ಒಂದುಗಳ ವರ್ಗ 1234567900987654321. ನಡುವೆ ದಶಕ ಉಕ್ಕಿ ಎಡಕ್ಕೆ ಹರಿದು ವಿನ್ಯಾಸ ಮುರಿಯುತ್ತೆ. ಅಂದರೆ ಈ ಚೆಲುವು ಆ ಸಂಖ್ಯೆಯೊಂದರದ್ದೇ ಅಲ್ಲ, ನಾವು ಹತ್ತರ ಪದ್ಧತಿಯಲ್ಲಿ ಬರೆಯೋದರದ್ದೂ ಹೌದು. ಸ್ಥಾನಬೆಲೆ ಮತ್ತು ಸೊನ್ನೆ ಕೈವಶ ಆಗಿರದಿದ್ದರೆ ಇಂಥ ಆಟ ಹೊಳೆಯುತ್ತಲೇ ಇರಲಿಲ್ಲ.

‘ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು’ ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗಳು ದಿನಾ ಬರ್ತಾವೆ. ಆಚಾರ್ಯರಿಗೆ ಎಲ್ಲ ಗೊತ್ತಿರಲಿಲ್ಲ; ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗಲ್ಲ ಅಂತಲೂ ಬರೆದಿದ್ದಾರೆ. ಅದು ತಪ್ಪು. ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಕಾರಣ ಕೊಟ್ಟು ಹೇಳಿದ್ದೂ ಅವರೇ. ಎರಡನ್ನೂ ಒಟ್ಟಿಗೆ ಓದಿದಾಗಲೇ ಅವರು ಫಾರ್ವರ್ಡ್ ಮೆಸೇಜ್ ಆಗದೆ, ಕೂತು ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯರಾಗಿ ಕಾಣ್ತಾರೆ.

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಸಾವಿರ ವರ್ಷ ಕೈಯಿಂದ ಕೈಗೆ ಪ್ರತಿಯಾಗುತ್ತಾ ಬಂದ ಪುಸ್ತಕ. ನಕಲು ಮಾಡೋವಾಗ ಒಂದಂಕಿ ತಪ್ಪಿದ್ದರೂ ಗುಣಿಸಿ ನೋಡಿದವರಿಗೆ ಗೊತ್ತಾಗಿಬಿಡುತ್ತಿತ್ತು. ಹಾರ ತನ್ನನ್ನು ತಾನೇ ಕಾಯ್ದುಕೊಂಡಿದೆ.