ತೀವ್ರ ಮಾನಸಿಕ ಕಾಯಿಲೆ ಮತ್ತು ಸಾಮಾಜಿಕ ಕಳಂಕ: ಬೆಳಗಾವಿ, ಖಾನಾಪುರ

ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ತೀವ್ರ ಮಾನಸಿಕ ಕಾಯಿಲೆಗಳಿಗೆ ಅಂಟಿದ ಕಳಂಕ ಬೆಳಗಾವಿ ಸೀಮೆಯಲ್ಲಿ ಧಾರವಾಡದ ಹೆಸರಿನೊಂದಿಗೆ ತಳಕು ಹಾಕಿಕೊಂಡಿದೆ. 1845ರಲ್ಲಿ ಅಲ್ಲಿ ಆರಂಭವಾದ ಹುಚ್ಚರ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಆಸ್ಪತ್ರೆ. ಆದರೂ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂಬ ಚೇಷ್ಟೆ ನಿಂತಿಲ್ಲ. ಅದನ್ನು ಕೇಳುತ್ತ ಬೆಳೆದವರು ಮನೆಯ ಮಗನಿಗೆ ಅಲ್ಲಿ ಚೀಟಿ ಮಾಡಿಸಲು ಹಿಂಜರಿಯುತ್ತಾರೆ.

ಒಬ್ಬನೇ ಮಾತಾಡುವುದು, ಊಟದಲ್ಲಿ ವಿಷ ಬೆರೆಸಿದ್ದಾರೆಂಬ ಸಂಶಯ, ವಾರಗಟ್ಟಲೆ ನಿದ್ದೆಗೇಡು ಕಂಡಾಗ ಗಾಳಿ ಬಡಿದಿದೆ, ಮಾಟ ಮಾಡಿಸಿದ್ದಾರೆ ಎಂದು ಮನೆಯವರು ದೇವರನ್ನು ಕೇಳಲು ಹೋಗುವುದುಂಟು. ಗುಡಿಗೆ ಹೋಗುವುದರಲ್ಲಿ ಕೇಡಿಲ್ಲ. ಗುಳಿಗೆ ತಡವಾಗುವುದೇ ಕೇಡು. ಮದುವೆಗೆ ಬಂದ ತಂಗಿಯಿದ್ದರಂತೂ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯ ಹೊರಗಿದ್ದರು.

ಖಾನಾಪುರದಲ್ಲಿ ಕಳಂಕದ ಜತೆಗೆ ದೂರವೂ ಸೇರುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಹಳ್ಳಿಗಳಿಂದ ಮಳೆಗಾಲದಲ್ಲಿ ತಿಂಗಳ ಔಷಧಕ್ಕೆ ಬರುವುದೇ ಕಷ್ಟ. ಮರಾಠಿ, ಕೊಂಕಣಿ ಮನೆಮಾತಿನವರು ಹೆಚ್ಚಿರುವುದರಿಂದ ಕನ್ನಡದ ಭಿತ್ತಿಪತ್ರವೊಂದೇ ಸಾಲದು. ಧಾರವಾಡಕ್ಕೆ ಹೋದರೆ ಊರಿಗೆಲ್ಲ ಸುದ್ದಿ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರ ಪಾಳಿಯಲ್ಲಿ ನಿಂತವರನ್ನು ಯಾವ ರೋಗವೆಂದು ಯಾರೂ ಕೇಳುವುದಿಲ್ಲ. ಈ ಕಾರಣಕ್ಕೇ ಬಳ್ಳಾರಿಯ ಪ್ರಯೋಗ ಮುಖ್ಯವೆನಿಸುತ್ತದೆ. 1985ರಿಂದ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ನೀಡಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ಕರ್ನಾಟಕ ಆರಂಭಿಸಿದ ‘ಮನೋಚೈತನ್ಯ’ ಯೋಜನೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸಲು ರೂಪಿಸಿದ್ದು. ಬೆಳಗಾವಿ ನಗರದಲ್ಲಿ ದೂರದ ತೊಂದರೆ ಕಡಿಮೆ: ಬಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲೂ ಕೆಎಲ್ಇ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ.

ಇದು ಮಿದುಳಿನ ಕಾಯಿಲೆ ಎಂದು ತಿಳಿಹೇಳಿದರೆ ಬೈಗುಳ ಕಡಿಮೆಯಾದೀತು, ಅಂಜಿಕೆ ಅಷ್ಟಾಗಿ ತಗ್ಗುವುದಿಲ್ಲ. ಕಾಯಿಲೆಯನ್ನು ಅನುಭವಿಸಿ ಚೇತರಿಸಿಕೊಂಡವರೊಂದಿಗಿನ ಒಡನಾಟವೇ ಹೆಚ್ಚು ಫಲಕಾರಿ ಎಂದು 2022ರಲ್ಲಿ ಮಾನಸಿಕ ಕಾಯಿಲೆಯ ಕಳಂಕ ಕುರಿತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೂ ಹೇಳಿತು. ಚಿಕಿತ್ಸೆ ಪಡೆದು ಮತ್ತೆ ಗದ್ದೆಗಿಳಿದವನು, ಅಂಗಡಿಯ ಗಲ್ಲಾದ ಮುಂದೆ ಕುಳಿತು ಲೆಕ್ಕ ನೋಡುವವಳು ಊರಿನ ಕಣ್ಣಿಗೆ ಬೀಳಬೇಕು. ಆಶಾ ಕಾರ್ಯಕರ್ತೆಗೆ ಅಂಥವರ ಪರಿಚಯವಿದ್ದರೆ ಭಾಷಣ ಬೇಕಾಗುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಮನೆಯಿಂದಲೇ ಕರೆ ಮಾಡಬಹುದು. ಗುಟ್ಟು ಉಳಿಯುತ್ತದೆ, ಕಳಂಕವೂ ಹಾಗೇ ಉಳಿಯುತ್ತದೆ.

ಇನ್ನು ಕಾನೂನಿನ ಕಡೆ ನೋಡಿದರೆ, 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ (2017) ಚಿಕಿತ್ಸೆಯನ್ನು ಹಕ್ಕಾಗಿಸಿತು. ದೈಹಿಕ ಕಾಯಿಲೆಗಳಿಗೆ ಸಮನಾದ ವಿಮೆಯನ್ನು ಕಡ್ಡಾಯಗೊಳಿಸಿತು. ಸರಪಳಿ ಬಿಗಿಯುವುದನ್ನು ನಿಷೇಧಿಸಿತು. ಆದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಜತೆಯಲ್ಲಿ ಬಾಳಲಾಗದಷ್ಟು ತೀವ್ರವಾದ ಮಾನಸಿಕ ಕಾಯಿಲೆ ಇಂದಿಗೂ ವಿಚ್ಛೇದನಕ್ಕೊಂದು ಕಾರಣ.