ಮಲೆನಾಡಿನ ಅಡಿಕೆ ವ್ಯವಹಾರ ಮತ್ತು ದೂರವಾಣಿ: ಒಂದು ಚಾರಿತ್ರಿಕ ಅವಲೋಕನ

ಮಲೆನಾಡಿನ ವಾಣಿಜ್ಯ ಚರಿತ್ರೆಯಲ್ಲಿ ರಸ್ತೆ, ಸೇತುವೆ ಹಾಗೂ ಸಹಕಾರ ಸಂಘಗಳಿಗೆ ದೊರೆಯುವ ಸ್ಥಾನವು ದೂರವಾಣಿಗೂ ಸಲ್ಲಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಅರಳಸುರಳಿಯಂತಹ ಊರುಗಳಲ್ಲಿ ಮನೆಗಳು ತೋಟಗಳ ಅಂಚಿನಲ್ಲಿ ಚದುರಿಕೊಂಡಿವೆ. ಅಡಿಕೆಯ ಧಾರಣೆ ನಿರ್ಧಾರವಾಗುವುದು ಶಿವಮೊಗ್ಗ, ಸಾಗರಗಳ ಮಾರುಕಟ್ಟೆಗಳಲ್ಲಿ. ಧಾರಣೆ ಗೊತ್ತಾಗುವ ಗಳಿಗೆಗೂ ಅದು ಬೆಳೆಗಾರನ ಕಿವಿಗೆ ಮುಟ್ಟುವ ಗಳಿಗೆಗೂ ನಡುವಣ ಅಂತರ ಯಾರ ಹಿಡಿತದಲ್ಲಿತ್ತು ಎಂಬುದೇ ಪ್ರಸ್ತುತ ಪ್ರಬಂಧದ ಪ್ರಶ್ನೆ.

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಆರಂಭವಾದವು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶದಲ್ಲಿಯೇ ಉಪಕರಣಗಳ ತಯಾರಿಕೆಗೆ ನಾಂದಿ ಹಾಡಿತು. ಆದರೆ ದೂರದ ಊರಿನೊಡನೆ ಮಾತನಾಡಬೇಕಾದವರು ಟ್ರಂಕ್ ಕರೆಯನ್ನು ಕಾದಿರಿಸಿ, ಆಪರೇಟರರು ಸಂಪರ್ಕ ಕಲ್ಪಿಸುವವರೆಗೆ ಕಾಯಬೇಕಿತ್ತು. ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದು, ಹೆಚ್ಚು ದರ ತೆತ್ತವರ ಕರೆಗೆ ಆದ್ಯತೆಯಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲುಗಳ ಧಾರಣೆಯನ್ನು ಮೊದಲು ಅರಿಯುವ ಅನುಕೂಲ ಸಹಜವಾಗಿಯೇ ಪೇಟೆಯ ವರ್ತಕರಿಗಿತ್ತು.

ಈ ಸ್ಥಿತಿಯನ್ನು ಬದಲಿಸಿದುದು ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟುಗಳ ಇಂತಹ ಮೊದಲ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿಯೇ ಕಾರ್ಯಾರಂಭ ಮಾಡಿತೆಂಬುದು ಗಮನಾರ್ಹ. ಹವಾನಿಯಂತ್ರಣವಿಲ್ಲದೆ, ಬಿಸಿಲು ಧೂಳುಗಳ ನಡುವೆಯೂ ನಡೆಯುವಂತೆ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಇಂತಹ ಕೇಂದ್ರಗಳೊಡನೆ ಎಸ್‌ಟಿಡಿ ಸೌಲಭ್ಯವೂ ಹಳ್ಳಿಗಳಿಗೆ ಹಬ್ಬಿದಂತೆ ಕರೆಯ ಮೇಲಿನ ಹಿಡಿತ ಆಪರೇಟರರಿಂದ ಕರೆ ಮಾಡುವವರ ಬೆರಳಿಗೆ ಬಂದಿತು. ಸ್ವಂತ ದೂರವಾಣಿಯಿಲ್ಲದವರೂ ಎಸ್‌ಟಿಡಿ ಬೂತಿನಿಂದ ಅಂದಿನ ಧಾರಣೆ ಕೇಳಿ, ಮೂಟೆ ಹೇರುವುದೋ ತಡೆಯುವುದೋ ಎಂದು ನಿರ್ಧರಿಸಲು ಸಾಧ್ಯವಾಯಿತು.

ಆದರೂ ದೂರವಾಣಿಗೊಂದು ಮಿತಿಯಿತ್ತು. ಅದು ಧಾರಣೆಯನ್ನು ತಲುಪಿಸಬಲ್ಲದು, ಅಡಿಕೆಯ ಬಣ್ಣವನ್ನು ತೋರಿಸಲಾರದು. ಮೂಟೆಯನ್ನು ಬಿಚ್ಚಿ, ಕಣ್ಣಾರೆ ಕಂಡು ದರ್ಜೆ ನಿರ್ಣಯಿಸಿದಾಗಲೇ ಬೆಲೆ ಅಂತಿಮ. ಆ ನಿರ್ಣಯದ ವೇಳೆ ಬೆಳೆಗಾರನ ಪರವಾಗಿ ನಿಲ್ಲುವವರು ಬೇಕೆಂಬ ಅಗತ್ಯವನ್ನು ಯಾವ ತಂತ್ರಜ್ಞಾನವೂ ನೀಗಿಸಲಿಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಮೊದಲಾದ ಸಹಕಾರ ಸಂಸ್ಥೆಗಳ ಮಹತ್ತ್ವ ಇಲ್ಲಿದೆ. ದೂರವಾಣಿಯು ಬೆಳೆಗಾರನಿಗೆ ಸಕಾಲದ ಅರಿವನ್ನು ಕೊಟ್ಟಿತು. ಆ ಅರಿವನ್ನು ಚೌಕಾಸಿಯ ಬಲವಾಗಿ ಮಾರ್ಪಡಿಸಲು ಸಂಘಟನೆಯೇ ಬೇಕಾಯಿತು. ಈ ಎರಡನ್ನೂ ಒಟ್ಟಿಗೆ ಪರಿಶೀಲಿಸಿದಾಗ ಮಾತ್ರ ಮಲೆನಾಡಿನ ಮಾರುಕಟ್ಟೆಯ ಚರಿತ್ರೆ ಪೂರ್ಣವಾದೀತು.