ಹಿಂಡುನಡೆ ಮತ್ತು ಒಂಟಿನಡೆ (ವಿಡಿಯೊ ಗೇಮ್ ಪ್ರಾಣಿಗಳಲ್ಲಿ)

ವಿಡಿಯೊ ಗೇಮ್‌ಗಳಲ್ಲಿ ಕಾಣಬರುವ ಕುರಿ, ಜಿಂಕೆ, ಹಕ್ಕಿ, ಮೀನು ಮೊದಲಾದ ಪ್ರಾಣಿಗಳು ಸಮೂಹವಾಗಿ ಚಲಿಸುತ್ತಿರುವಾಗಲೂ ಅವುಗಳಲ್ಲಿ ಒಂದೊಂದೂ ತನ್ನ ಹಸಿವು, ಭಯ, ದಣಿವುಗಳಿಗೆ ಅನುಸಾರವಾಗಿ ವರ್ತಿಸುವಂತೆ ಮಾಡುವ ಗಣಕವಿಧಾನ. ಕೃತಕ ಬುದ್ಧಿಮತ್ತೆಯ ಒಂದು ಶಾಖೆ. ಹಿಂಡೆಂಬುದು ಹೊರಗಿನಿಂದ ಹೇರಿದ ಆಜ್ಞೆಯಲ್ಲ, ಬಿಡಿ ಪ್ರಾಣಿಗಳ ನಿರ್ಧಾರಗಳಿಂದ ಕ್ಷಣಕ್ಷಣಕ್ಕೂ ಒದಗುವ ಪರಿಣಾಮ ಎಂಬುದೇ ಇದರ ಮೂಲತತ್ತ್ವ.

ಅಮೆರಿಕದ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿದ್ಯೆಗೆ ಅಸ್ತಿಭಾರವನ್ನು ಹಾಕಿತು. ನೆರೆಯ ಪ್ರಾಣಿಗೆ ಡಿಕ್ಕಿ ಹೊಡೆಯದಷ್ಟು ಅಂತರವನ್ನು ಕಾಯ್ದುಕೊಳ್ಳುವುದು, ನೆರೆಯವುಗಳ ವೇಗ ಮತ್ತು ದಿಕ್ಕಿಗೆ ಹೊಂದಿಕೊಳ್ಳುವುದು, ಅವುಗಳ ಮಧ್ಯಸ್ಥಾನದ ಕಡೆಗೆ ವಾಲುವುದು, ಈ ಮೂರು ನಿಯಮಗಳನ್ನು ಪಾಲಿಸುವ ‘ಬಾಯ್ಡ್’ ಎಂಬ ಕಾಲ್ಪನಿಕ ಜೀವಿಗಳು ನಾಯಕನಿಲ್ಲದೆಯೇ ಸುಂದರವಾದ ಹಿಂಡಾಗಿ ಹಾರಬಲ್ಲವೆಂದು ಅವರು ತೋರಿಸಿಕೊಟ್ಟರು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಲನಚಿತ್ರದ ಬಾವಲಿಗಳ ಸಮೂಹ ಈ ತತ್ತ್ವದಿಂದಲೇ ಮೂಡಿತು. ಆದರೆ ಈ ಮೂರು ನಿಯಮಗಳನ್ನಲ್ಲದೆ ಬೇರೇನನ್ನೂ ಅರಿಯದ ಪ್ರಾಣಿಗೆ ಹಸಿವಿಲ್ಲ, ಅಂಜಿಕೆಯಿಲ್ಲ. ಅದರ ಚಲನೆ ಎಷ್ಟೇ ಸೊಗಸಾಗಿದ್ದರೂ ಅದನ್ನು ಬಾಳುವೆಯೆನ್ನಲಾಗದು.

ಈ ಕೊರತೆಯನ್ನು ತುಂಬುವ ಬಗೆಯನ್ನು ಅರಿಯಲು ಮಂಡ್ಯ ಜಿಲ್ಲೆಯ ಪ್ರಾಣಿಜೀವನ ಉತ್ತಮ ನಿದರ್ಶನಗಳನ್ನು ಒದಗಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನು ಹೊತ್ತ, ಮಂಡ್ಯ ತಳಿಯೆಂದೂ ಖ್ಯಾತವಾದ ಕುರಿ ಗಿಡ್ಡ ಕಾಲಿನದು, ಕೊಂಬಿಲ್ಲದ್ದು, ತುಂಬಿದ ಮೈಯದು. ಕೊಯ್ಲಾದ ಬಯಲಿನಲ್ಲಿ ಮಂದೆ ಮೇಯುವಾಗ ಕುರಿಗಳು ಹುಲ್ಲಿನ ಆಸೆಗೆ ಚದರುತ್ತವೆ. ಮರಿಯ ಕೂಗು ಕೇಳಿದ ತಾಯಿ ತಿರುಗಿ ನಿಲ್ಲುತ್ತದೆ. ನಾಯಿಯೊಂದು ಸುಳಿಯಿತೆಂದರೆ ಮಂದೆಯೆಲ್ಲ ಒತ್ತೊತ್ತಾಗಿ ಕೂಡಿಬಿಡುತ್ತದೆ. ಅಪಾಯ ಒದಗಿದಾಗ ಪ್ರತಿಯೊಂದು ಪ್ರಾಣಿಯೂ ಇತರರ ನಡುವೆ ಸೇರಿ ತನ್ನನ್ನು ಕಾಪಾಡಿಕೊಳ್ಳಲು ಹವಣಿಸುವುದೆಂದು ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಪ್ರತಿಪಾದಿಸಿದ್ದರು; ಜಿಪಿಎಸ್ ಉಪಕರಣಗಳನ್ನು ಕುರಿಗಳಿಗೆ ಕಟ್ಟಿ ನಡೆಸಿದ 2012ರ ಅಧ್ಯಯನವೊಂದು ಇದನ್ನು ಸಮರ್ಥಿಸಿತು. ಹಾಗಾಗಿ ಮಂದೆಯ ಒಗ್ಗಟ್ಟು ಒಂಟಿ ಕುರಿಯ ಭಯದಿಂದಲೇ ಹುಟ್ಟಿದ್ದು.

ಆಟದ ರಚನೆಯಲ್ಲಿ ಇದನ್ನು ಸಾಧಿಸುವ ಕ್ರಮ ಹೀಗಿದೆ: ಪ್ರತಿ ಕುರಿಗೂ ಹಸಿವು, ಭಯಗಳನ್ನು 0ಯಿಂದ 1ರವರೆಗಿನ ಸಂಖ್ಯೆಗಳಾಗಿ ಕೊಟ್ಟು, ಆ ಸಂಖ್ಯೆಗಳು ಏರಿಳಿದಂತೆ ಮೂರು ನಿಯಮಗಳ ಬಲವೂ ಏರಿಳಿಯುವಂತೆ ಮಾಡತಕ್ಕದ್ದು. ಭಯ ಕಡಿಮೆಯಿದ್ದಾಗ ಮೇವಿನ ಸೆಳೆತ ಗೆಲ್ಲುತ್ತದೆ, ಹೆಚ್ಚಿದಾಗ ಮಧ್ಯಕ್ಕೆ ಸೇರುವ ಸೆಳೆತ. ಎಲ್ಲ ಸೆಳೆತಗಳನ್ನೂ ಸುಮ್ಮನೆ ಕೂಡಿಸಿದರೆ, ಹುಲ್ಲು ಎಡಕ್ಕೂ ಮಂದೆ ಬಲಕ್ಕೂ ಎಳೆದಾಗ ಮೊತ್ತ ಶೂನ್ಯವಾಗಿ ಕುರಿ ಅಪಾಯದೆದುರು ಕದಲದೆ ನಿಂತುಬಿಡುವ ಸಂಭವವುಂಟು. ಆದುದರಿಂದ ಡಿಕ್ಕಿ ತಪ್ಪಿಸುವುದೇ ಮೊದಲಾದ ತುರ್ತಿನ ಕೆಲಸಗಳಿಗೆ ಆದ್ಯತೆಯಿತ್ತು, ಉಳಿದ ಶಕ್ತಿಯನ್ನು ಮಿಕ್ಕವಕ್ಕೆ ಹಂಚುವುದು ವಾಡಿಕೆ. ಮೇಯುವ ಸ್ಥಿತಿಯಿಂದ ಓಡುವ ಸ್ಥಿತಿಗೆ ದಾಟುವ ಭಯದ ಮಿತಿಗಿಂತ ಹಿಂದಿರುಗುವ ಮಿತಿಯನ್ನು ತಗ್ಗಿಸಿಟ್ಟರೆ, ಪ್ರಾಣಿ ಎರಡರ ನಡುವೆ ತೊಳಲಾಡದು. ಈ ಮಿತಿಗಳು ಕುರಿಯಿಂದ ಕುರಿಗೆ ತುಸು ಭಿನ್ನವಾಗಿದ್ದರೆ ಮಂದೆಯಲ್ಲಿ ಅಂಜುಬುರುಕ ಕುರಿಯೂ ಧೈರ್ಯದ ಕುರಿಯೂ ತಾವಾಗಿ ಕಾಣಿಸಿಕೊಳ್ಳುತ್ತವೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೊಂದು ಪಾಠವನ್ನು ಕಲಿಸುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಈ ಊರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಆದರೂ ಪ್ರತಿ ಜೋಡಿಗೂ ತನ್ನದೇ ಗೂಡುಂಟು. ಗಣಕದ ಹಕ್ಕಿಗೂ ಇಂತಹ ಸ್ವಂತ ಗುರಿಯನ್ನು ಕೊಟ್ಟು, ಗೂಡು ಹತ್ತಿರವಾದಂತೆ ಅದರ ಸೆಳೆತವನ್ನು ಹೆಚ್ಚಿಸಿದರೆ, ದೂರದಲ್ಲಿ ಜೊತೆಗೂಡಿ ಹಾರಿದ ಹಕ್ಕಿಗಳು ಊರ ಮೇಲೆ ಬಂದು ತಂತಮ್ಮ ಕೊಂಬೆಗೆ ಇಳಿಯುತ್ತವೆ.

ಗಣನೆಯ ಭಾರವೂ ವಿಚಾರಾರ್ಹ. 100 ಪ್ರಾಣಿಗಳಲ್ಲಿ ಒಂದೊಂದೂ ಉಳಿದೆಲ್ಲವನ್ನೂ ಗಮನಿಸಿದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ 9,900 ಹೋಲಿಕೆಗಳಾಗುತ್ತವೆ. ಅದಕ್ಕಾಗಿ ನೆಲವನ್ನು ಚೌಕಗಳಾಗಿ ವಿಂಗಡಿಸಿ ಹತ್ತಿರದವುಗಳನ್ನಷ್ಟೇ ಪರಿಗಣಿಸುತ್ತಾರೆ. ರೋಮ್ ನಗರದ ಸ್ಟಾರ್ಲಿಂಗ್ ಹಕ್ಕಿಗಳು ಆರೇಳು ನೆರೆಯವುಗಳನ್ನು ಮಾತ್ರ ಅನುಸರಿಸುತ್ತವೆಂಬ 2008ರ ಶೋಧನೆ ಈ ಮಿತವ್ಯಯ ಪ್ರಕೃತಿಸಮ್ಮತವೆಂಬುದನ್ನು ತೋರಿಸುತ್ತದೆ.

ಇಂತಹ ರಚನೆಯ ಯೋಗ್ಯತೆಯನ್ನು ಪರೀಕ್ಷಿಸಲು ಒಂದು ಕುರಿಯನ್ನು ಮಂದೆಯಿಂದ ಬೇರ್ಪಡಿಸಿ ನೋಡಬೇಕು. ನಿಜವಾದ ಕುರಿ ಒಂಟಿಯಾದಾಗ ಮೇವನ್ನು ಬಿಟ್ಟು, ಅರಚುತ್ತ ತನ್ನವರನ್ನು ಅರಸುತ್ತದೆ. ಗಣಕದ ಕುರಿಯೂ ಹಾಗೆಯೇ ಮಾಡಿದಲ್ಲಿ ಅದರ ಹಿಂಡುನಡೆ ಮತ್ತು ಒಂಟಿನಡೆಗಳು ಒಂದೇ ಸ್ವಭಾವದಿಂದ ಹೊಮ್ಮಿವೆಯೆಂದು ತಿಳಿಯಬಹುದು.